ತಂಡ ಊರು ಬಿಟ್ಟು ಹೋದ ಮ್ಯಾಲೆ

ಹೋದ ಸಲ ಮೆಂತೆಹಿಟ್ಟಿನ ಬಗ್ಗೆ ಬರದಾಗ ವೈನಿಯಾರು, ಅಬಚಿ, ಬಾಜೂ ಓಣಿ ಗೆಳತ್ಯಾರು ಎಲ್ಲಾರೂ ಒಂದ ಮಾತು ಕೇಳಿದ್ರಿ: "ಆರು ತಿಂಗಳು ಅಮೇರಿಕಾದಾಗ ಇದ್ದು ಬಂದಿ, ಅಲ್ಲಿದು ಏನರ ಬರಿಯಲ್ಲ." ಈ ಸಲ ಅದನ್ನ ಬರೀತೀನಿ. ಆದರ ಇದು ನಯಾಗರಾ ನೋಡಿದ ಕಥಿ ಅಲ್ಲ. ಒಂದು ಊರಿಂದ ಆಟದ ತಂಡ ಬಿಟ್ಟು ಹೋದ ಕಥಿ. "ನಮಗ್ಯಾಕ ಆಟದ ಸುದ್ದಿ" ಅನಬ್ಯಾಡ್ರಿ, ಕಡೀತನಕಾ ಓದ್ರಿ. ಇದು ನಮ್ಮ ಮನಿ ಸುದ್ದೀನೂ ಹೌದು.

2022ರ ಬ್ಯಾಸಗ್ಯಾಗ ಮಗಳ ಬಾಣಂತನಕ್ಕ ಪಟಕೆಟ್ ಅನ್ನೋ ಊರಿಗೆ ಹೋಗಿದ್ದೆ. ರೋಡ್ ಐಲ್ಯಾಂಡ್ ಅಂತ ಅಮೇರಿಕಾದಾಗ ಎಲ್ಲಾಕ್ಕಿಂತ ಸಣ್ಣ ರಾಜ್ಯ ಅದ, ಅಲ್ಲಿ ಊರು ಇದು. ಅವರ ದೇಶದಾಗ ನೀರಿನ ಬಲದ ಮ್ಯಾಲೆ ಹತ್ತಿ ನೂಲೋದು ಮೊದಲ ಸರಿಯಾಗಿ ನಡದದ್ದು ಇದ ಊರಾಗ. ಸ್ಯಾಮ್ಯುಯೆಲ್ ಸ್ಲೇಟರ್ ಅನ್ನಾಂವ 1790ರಾಗ ಶುರು ಮಾಡಿದ. 1793ರಾಗ ಕಟ್ಟಿದ ಗಿರಣಿ ಇನ್ನೂ ಹೊಳಿ ದಂಡಿ ಮ್ಯಾಲೆ ನಿಂತದ. ಆಮ್ಯಾಲೆ ಗಿರಣಿಗೋಳು ಒಂದೊಂದಾಗಿ ಮುಚ್ಚಿದ್ವು. ಗಿರಣಿ ಮುಚ್ಚಿದ ಊರು ಹ್ಯಾಂಗ ಇರ್ತದ ಅಂತ ನಮ್ಮ ಕಡಿಯವರಿಗೆ ಹೇಳೋದು ಬ್ಯಾಡ.

ಮಗಳ ಬಾಜೂ ಮನ್ಯಾಗ ಒಬ್ಬಾಕಿ ಅಜ್ಜಿ ಇದ್ಲು, ಎಂಬತ್ತರ ಹತ್ರ ವಯಸ್ಸು. ಕೂಸಿನ್ನ ನೋಡ್ಲಿಕ್ಕೆ ಬಂದಾಕಿ ದಿನಾ ಬರ್ಲಿಕ್ಕೆ ಹತ್ತಿದ್ಲು. ನನ್ನ ಇಂಗ್ಲಿಷು ಪಿಯುಸಿ ಇಂಗ್ಲಿಷು, ಅಕಿ ಮಾತು ಭಾಳ ಫಾಸ್ಟು. ನಡುವ ಮಗಳು ಹೇಳತಿದ್ಲು. ಒಂದು ದಿವಸ ನಾನು ಅವಲಕ್ಕಿ ಮಾಡಿ ಒಯ್ದು ಕೊಟ್ಟಾಗ ಅಕಿ ಅಡಗಿಮನಿ ಮೇಜಿನ ಮ್ಯಾಲೆ ಒಂದು ದಪ್ಪ ವಹಿ ಕಂಡೆ. ಹಾಲಿನ ಲೆಕ್ಕ ಇರಬೇಕು ಅಂದ್ಕೊಂಡೆ. ಅಲ್ಲ. ಒಳಗ ಬರೇ ಹೆಸರು. ಹೆಸರಿನ ಮುಂದ ವರ್ಷ, ಊರು, ಒಂದು ಊರಿಗೆ ಕಾಟು ಹಾಕಿ ಇನ್ನೊಂದು ಊರು. ನಮ್ಮವ್ವ ಸೋದರ ಸಂಬಂಧದವರ ವಿಳಾಸ ಬರದು ಇಟ್ಟಿದ್ಲಲ್ಲ, ಥೇಟ್ ಹಂಗ.

ಅವು ಎಲ್ಲಾ ಬೇಸ್‌ಬಾಲ್ ಆಟಗಾರರ ಹೆಸರು. ತಂಡ ಊರು ಬಿಟ್ಟು ಹೋಗೇದ, ಅಜ್ಜಿ ಮಾತ್ರ ಅವರ ಬೆನ್ನು ಬಿಟ್ಟಿಲ್ಲ.

ಇದು ತಿಳೀಬೇಕಂದ್ರ ಅಲ್ಲಿಯ ಪದ್ಧತಿ ಸ್ವಲ್ಪ ಹೇಳಬೇಕು. ಅಲ್ಲೆ ದೊಡ್ಡ ತಂಡ 30 ಅವ. ಒಂದೊಂದು ದೊಡ್ಡ ತಂಡದ ಕೈಕೆಳಗ ಮೆಟ್ಟಲ ಮೆಟ್ಟಲಾಗಿ ಸಣ್ಣ ತಂಡ ಇರ್ತಾವ. ಹುಡುಗರು ಕೆಳಗಿನ ಮೆಟ್ಟಲದಿಂದ ಶುರು ಮಾಡಿ ಮ್ಯಾಲೆ ಏರಬೇಕು. ಸಣ್ಣ ತಂಡದ ಮಾಲಕರು ಮೈದಾನ ನೋಡ್ಕೋತಾರ, ತಿಕೀಟು ಮಾರ್ತಾರ. ಆಟಗಾರರ, ಕೋಚ್‌ಗಳ ಪಗಾರ ಕೊಡೋದು, ಅವರನ್ನ ಇತ್ತಿಂದತ್ತ ಕಳಸೋದು ಎಲ್ಲಾ ದೊಡ್ಡ ತಂಡದ್ದು. ಹಿಂಗಾಗಿ ಇವತ್ತು ಸಂಜಿಮುಂದ ಚಪ್ಪಾಳಿ ಹೊಡದ ಹುಡುಗ ನಾಳೆ ಮುಂಜಾನೆ ಊರಾಗ ಇರೋದಿಲ್ಲ. ಮ್ಯಾಲೆ ಹೋದ್ನೋ, ಕೆಳಗ ಹೋದ್ನೋ, ಬಿಟ್ಟೇ ಕಳಿಸಿದ್ರೋ, ಪೇಪರಿನ್ಯಾಗ ಸಣ್ಣ ಅಕ್ಷರದಾಗ ಬರ್ತಿತ್ತಂತ. ಅಜ್ಜಿ ಅದನ್ನ ಭೂತಗನ್ನಡಿ ಹಿಡದು ಓದಿ ವಹಿಯಾಗ ಬರಕೊಂಡಾಳ.

ಪಗಾರನೂ ಅಷ್ಟಕ್ಕಷ್ಟ. ಎಷ್ಟೋ ಸಣ್ಣ ಊರಾಗ ಮನಿಮಂದಿನ ಒಂದು ಖೋಲಿ ಬಿಟ್ಟುಕೊಟ್ಟು, ಆಟಗಾರ ಹುಡುಗರನ್ನ ಇಟ್ಕೊಂಡು ಊಟಕ್ಕ ಹಾಕತಿದ್ರು. ನಮ್ಮಲ್ಲೆ ವಾರಾನ್ನ ಇತ್ತಲ್ಲ, ಹಂಗ. ಇರ್ಲಿಕ್ಕೆ ಜಾಗಾ ದೊಡ್ಡ ತಂಡನ ಕೊಡಬೇಕು ಅಂತ ನಿಯಮ ಬಂದದ್ದು ನಾನು ಹೋದ 2022ರಾಗ. ಮರುವರ್ಷ ಆಟಗಾರರ ಸಂಘದ ಕರಾರು ಆಗಿ, ಎಲ್ಲಾಕ್ಕಿಂತ ಮ್ಯಾಲಿನ ಮೆಟ್ಟಲದವರ ಕನಿಷ್ಠ ಪಗಾರ ವರ್ಷಕ್ಕ 17,500 ಡಾಲರಿದ್ದದ್ದು 35,800 ಡಾಲರ್ ಆತು.

ಪಟಕೆಟ್‌ನ್ಯಾಗ 1970ರಿಂದ ಬಾಸ್ಟನ್ ರೆಡ್ ಸಾಕ್ಸ್ ಅವರ ಕೈಕೆಳಗಿನ ತಂಡ ಇತ್ತು. 1973ರಿಂದ ಎಲ್ಲಾಕ್ಕಿಂತ ಮ್ಯಾಲಿನ ಮೆಟ್ಟಲದ್ದು, ಅಂದ್ರ ಬಾಸ್ಟನ್ನಿಗೆ ಒಂದ ಹೆಜ್ಜಿ ಕಡಿಮಿ. ಜನ ಪ್ರೀತೀಲೆ ಪಾಸಾಕ್ಸ್ ಅಂತಿದ್ರು. ನಡುವ ತಂಡ ದಿವಾಳಿ ಎದ್ದಾಗ, 1977ರಾಗ ಗಿರಣಿ ವ್ಯವಹಾರ ಮಾಡಿ ನಿವೃತ್ತಿ ಆಗಿದ್ದ ಬೆನ್ ಮಾಂಡರ್ ಅನ್ನಾವರು ಅದನ್ನ ತಗೊಂಡು ನಿಲ್ಲಿಸಿದ್ರು. ತಿಕೀಟಿನ ರೇಟು ಕಡಿಮಿ ಇಟ್ಟು, ಮಕ್ಕಳು ಮರಿ ಕಟ್ಕೊಂಡು ಮನಿಮಂದಿ ಬರೋ ಹಂಗ ಮಾಡಿದ್ರು.

ಮೈದಾನಕ್ಕ ಮೆಕಾಯ್ ಅಂತ ಹೆಸರು, 1942ರದು. ಅಲ್ಲಿ ಆಟಗಾರರು ಕೂಡೋ ಜಾಗಾ ಕೆಳಗ, ಜನ ಕೂಡೋದು ಅದರ ತಲಿ ಮ್ಯಾಲೆ. ಹಿಂಗಾಗಿ ಸಹಿ ಬೇಕಂದ್ರ ಹುಡುಗರು ಹಾಲಿನ ಪ್ಲಾಸ್ಟಿಕ್ ಡಬ್ಬಿ ಕತ್ತರಿಸಿ, ಅದರಾಗ ಚೆಂಡು, ಪೆನ್ನು ಇಟ್ಟು ದಾರ ಕಟ್ಟಿ ಕೆಳಗ ಬಿಡ್ತಿದ್ರು. ಆಟಗಾರ ಸಹಿ ಮಾಡಿ ದಾರ ಜಗ್ಗಿದ್ರ ಮ್ಯಾಲೆ ಎಳಕೊಳ್ಳೋದು. ಮಾಳಗಿ ಮ್ಯಾಲಿಂದ ಬುಟ್ಟಿ ಬಿಟ್ಟು ಕಾಯಿಪಲ್ಲೆ ತಗೋತಿದ್ವಲ್ಲ ನಾವು, ಅದ ಉಪಾಯ. ಅಜ್ಜಿ ಮನ್ಯಾಗ ಅಂಥಾ ಡಬ್ಬಿ ಒಂದು ಇನ್ನೂ ಅದ, ಅದರಾಗ ಬಟ್ಟಿಗೆ ಹಾಕೋ ಚಿಮಟಾ ತುಂಬ್ಯಾಳ.

ವಹಿಯ ಒಂದು ಪುಟಕ್ಕ ಅಕಿ ಕೆಂಪು ರಿಬ್ಬನ್ನು ಇಟ್ಟಾಳ, 1981ನೇ ಇಸವಿಯದು. ಆ ವರ್ಷ ಏಪ್ರಿಲ್ 18ರ ರಾತ್ರಿ, ಈಸ್ಟರ್ ಹಬ್ಬದ ಹಿಂದಿನ ದಿವಸ, ಪಟಕೆಟ್ ಮತ್ತ ರಾಚೆಸ್ಟರ್ ತಂಡದ ಆಟ ಇತ್ತು. ಬೇಸ್‌ಬಾಲಿನ್ಯಾಗ ಒಂಬತ್ತು ಇನ್ನಿಂಗ್ಸಿಗೆ ಆಟ ಮುಗೀತದ, ಸಮ ಸಮ ಆದ್ರ ಯಾರರ ಗೆಲ್ಲೋತನಕಾ ಮುಂದ ನಡೀತದ. ಆ ರಾತ್ರಿ ಹತ್ತಾತು, ಇಪ್ಪತ್ತಾತು, ಮೂವತ್ತಾತು. ಥಂಡಿ ತಡಿಲಾರದ ಆಟಗಾರರು ಮುರದ ಬ್ಯಾಟು ಸುಟ್ಟು ಮೈ ಕಾಸಿಕೊಂಡ್ರು. 32 ಇನ್ನಿಂಗ್ಸ್ ಆದ ಮ್ಯಾಲೆ ನಸಿಕಿನ್ಯಾಗ 4 ಗಂಟೆ 7 ನಿಮಿಷಕ್ಕ ನಿಲ್ಲಿಸಿದ್ರು. ಆಗ ಕೂತು ನೋಡಲಿಕ್ಕೆ ಹತ್ತಿದ್ದ ಜನ 19 ಮಂದಿ. ಅಜ್ಜಿ ಅದರಾಗಿಲ್ಲ. ಮಕ್ಕಳಿಗೆ ನಿದ್ದಿ ಬಂತಂತ ಹನ್ನೊಂದಕ್ಕ ಎದ್ದು ಬಂದಿದ್ಲಂತ. ನಲವತ್ತು ವರ್ಷ ಆದ್ರೂ ಅದನ್ನ ನೆನಸಿ ಹಣಿ ಬಡಕೋತಾಳ.

ಪಟಕೆಟ್‌ನ ಬೌಲರ್ ಲೂಯಿಸ್ ಅಪಾಂಟೆ ತನ್ನ ಸರತಿ ಮುಗಿಸಿ ಆ ನಡುರಾತ್ರಿ ಮನಿಗೆ ಹೋದ್ರ ಹೆಂಡತಿ ಎಲ್ಲಿದ್ರಿ ಅಂತ ಕೇಳಿದ್ಲಂತ. ಆಟ ಆಡಲಿಕ್ಕೆ ಹತ್ತಿದ್ದೆ ಅಂದ್ರ ಯಾರು ನಂಬ್ತಾರ? ನಾಳೆ ಪೇಪರಿನ್ಯಾಗ ನೋಡು ಅಂದ. ಪೇಪರಿನವರು ಆಟ ಮುಗಿಯೋಕ್ಕಿಂತ ಮೊದಲ ಛಾಪಿಸಿಬಿಟ್ಟಿದ್ರು, ಮುಂಜಾನೆ ಪೇಪರಿನ್ಯಾಗ ಅದರ ಸುದ್ದಿನ ಇಲ್ಲ! ಇದನ್ನ ಮಗಳು ಕನ್ನಡದಾಗ ಹೇಳಿದಾಗ ನಾನೂ ಅಜ್ಜೀನೂ ಕೂಡೇ ನಕ್ಕಿವಿ.

ಉಳದ ಆಟ ಜೂನ್ 23ಕ್ಕ ಇಟ್ಟರು. ಹದಿನೆಂಟ ನಿಮಿಷದಾಗ ಮುಗೀತು. 33ನೇ ಇನ್ನಿಂಗ್ಸಿನ್ಯಾಗ ಡೇವ್ ಕೋಜಾ ಹೊಡದ ಚೆಂಡಿಗೆ ಮಾರ್ಟಿ ಬ್ಯಾರೆಟ್ ಓಡಿ ಬಂದ, 3-2ಕ್ಕ ಪಟಕೆಟ್ ಗೆದ್ದಿತು. ಅವರ ವೃತ್ತಿ ಬೇಸ್‌ಬಾಲಿನ ಇತಿಹಾಸದಾಗ ಇದಕ್ಕಿಂತ ಉದ್ದನ್ನ ಆಟ ಇನ್ನೊಂದು ಇಲ್ಲ.

ಈಗ ವಹಿಯ ಮುಂದಿನ ಪುಟ ನೋಡ್ರಿ. ಆ ಆಟದಾಗ ಇದ್ದ ಪಟಕೆಟ್‌ನ ವೇಡ್ ಬಾಗ್ಸ್, ರಾಚೆಸ್ಟರಿನ ಕಾಲ್ ರಿಪ್ಕಿನ್ ಇಬ್ಬರೂ ದೊಡ್ಡವರಾಗಿ, ಒಬ್ಬಾಂವ 2005ರಾಗ, ಇನ್ನೊಬ್ಬಾಂವ 2007ರಾಗ ಹಾಲ್ ಆಫ್ ಫೇಮ್ ಸೇರಿದ್ರು. ರಿಪ್ಕಿನ್ ಅಂತೂ ಒಂದ ದಿವಸನೂ ತಪ್ಪಿಸಲಾರದ ಸಾಲಾಗಿ 2,632 ಆಟ ಆಡಿದಾಂವ. ತಂಡದ ವ್ಯವಸ್ಥಾಪಕ ಜೋ ಮಾರ್ಗನ್ ಚಳಿಗಾಲದಾಗ ರಸ್ತಾದ ಮ್ಯಾಲಿನ ಹಿಮಾ ಬಳಿಯೋ ಗಾಡಿ ಓಡಿಸಿ ಮನಿ ನಡಸತಿದ್ದಾಂವ, 1988ರಾಗ ಬಾಸ್ಟನ್ನಿನ ದೊಡ್ಡ ತಂಡಕ್ಕ ವ್ಯವಸ್ಥಾಪಕ ಆದ. ಬಂದಕೂಡ್ಲೆ ಸಾಲಾಗಿ 12 ಆಟ ಗೆದ್ದ. ಗೆಲ್ಲಿಸಿದ ಡೇವ್ ಕೋಜಾಗ ಮಾತ್ರ ದೊಡ್ಡ ತಂಡದ ಮೈದಾನದಾಗ ಒಂದ ಆಟನೂ ಸಿಗಲಿಲ್ಲ. ಆಮ್ಯಾಲೆ ಟ್ರಕ್ ಓಡಿಸಿ ಜೀವನಾ ಮಾಡಿದ. ವಹಿಯಾಗ ಎಲ್ಲಾರಿಗೂ ಒಂದ ಅಳತಿ ಜಾಗಾ. ಬಾಗ್ಸಿಗೆ ಎಷ್ಟೋ ಕೋಜಾಗನೂ ಅಷ್ಟ. "ಮ್ಯಾಲೆ ಹೋದವರ ಸುದ್ದಿ ಟಿವಿಯವರು ಇಟ್ಕೋತಾರ, ಉಳದವರದು ನಾವ ಇಡಬೇಕಲ್ಲ" ಅಂದ್ಲು.

ಇನ್ನ ತಂಡ ಹೋದ ಸುದ್ದಿ. 2010ರಾಗ ಮಾಂಡರ್ ತೀರಿಕೊಂಡ್ರು. 2015ರಾಗ ಅವರ ಮನಿಯವರು ತಂಡ ಮಾರಿದ್ರು. ಹೊಸಬರಿಗೆ ಹೊಸಾ ಮೈದಾನ ಬೇಕಿತ್ತು. ಖರ್ಚು ಯಾರು ಹಾಕಬೇಕು, ಸರಕಾರ ಎಷ್ಟು ಕೊಡಬೇಕು ಅಂತ ಮೂರು ವರ್ಷ ಜಗ್ಗಾಟ ನಡೀತು, ಬಗಿಹರೀಲಿಲ್ಲ. 2018ರ ಆಗಸ್ಟಿನ್ಯಾಗ ತಂಡ ಬಾಜೂ ರಾಜ್ಯದ ವೂಸ್ಟರ್ ಊರಿಗೆ ಹೋಗ್ತದ ಅಂತ ಹೇಳಿಬಿಟ್ರು. ದಾರಿ ಒಂದು ತಾಸಿಂದು ಅಷ್ಟ. ಪಟಕೆಟ್‌ನ್ಯಾಗ ಹರಿಯೋ ಬ್ಲ್ಯಾಕ್‌ಸ್ಟೋನ್ ಹೊಳಿ ವೂಸ್ಟರಿನಿಂದನ ಬರ್ತದ. ನೀರು ಕೆಳಗ ಬಂದ್ರ ತಂಡ ಮ್ಯಾಲೆ ಹೋತು.

2020 ಕಡೇ ವರ್ಷ, ಎಲ್ಲಾರೂ ಸೇರಿ ಛಲೋತಂಗೆ ಬೀಳ್ಕೊಡೋಣು ಅಂತ ಜನ ಕಾಯ್ಕೋತ ಇದ್ರು. ಕೊರೋನಾ ಬಂದು ಆ ವರ್ಷದ ಆಟನ ರದ್ದಾತು. ಅಂದ್ರ 2019ರ ಸೆಪ್ಟೆಂಬರಿನ್ಯಾಗ ಆಗಿದ್ದ ಆಟನ ಮೆಕಾಯದಾಗ ಕಡೇದು. ನೋಡಿದವರಿಗೆ ಅದು ಕಡೇದು ಅಂತ ಗೊತ್ತಿರಲಿಲ್ಲ. "ನಾನು ಅವತ್ತು ಹಿಂದ ತಿರುಗಿ ಸೈತ ನೋಡಲಿಲ್ಲ" ಅಂತ ಅಜ್ಜಿ ಹೇಳಿದಾಗ ಮಗಳು ಅನುವಾದ ಮಾಡೋ ಮೊದಲ ನನಗ ತಿಳೀತು.

ಇವರೊಬ್ಬರದ ಅಲ್ಲ. 2021ರಾಗ ದೊಡ್ಡ ಲೀಗಿನವರು ಕೈಕೆಳಗಿನ ತಂಡ ಬರೇ 120 ಸಾಕು ಅಂತ ಮಾಡಿದಾಗ 40ಕ್ಕೂ ಹೆಚ್ಚು ಊರು ಆ ಸಂಬಂಧ ಕಳಕೊಂಡ್ವು.

ಅಜ್ಜಿ ವೂಸ್ಟರಿಗೆ ಕಾಲಿಡೂದಿಲ್ಲ ಅಂತ ಹಟಾ ಹಿಡದಿದ್ಲು. ಆದ್ರ ಅಲ್ಲೆ ಒಬ್ಬಾಂವ ಇದ್ದ, ರಿಚ್ ಗೆಡ್‌ಮನ್. ಹುಟ್ಟಿದ್ದ ವೂಸ್ಟರಿನ್ಯಾಗ, 1959ರಾಗ. ಆ ಉದ್ದನ್ನ ಆಟದಾಗ ಪಟಕೆಟ್ ಪರವಾಗಿ ಕೀಪರ್ ಆಗಿದ್ದ, ಅವರ ಭಾಷೆದಾಗ ಕ್ಯಾಚರ್. ಬಾಸ್ಟನ್ನಿಗೆ ಹೋಗಿ ದೊಡ್ಡ ಹೆಸರು ಮಾಡಿದ. 2005ರಾಗ ವೂಸ್ಟರಿಗೆ ಟಾರ್ನೆಡೋಸ್ ಅನ್ನೋ ಸಣ್ಣ ತಂಡ ಬಂದಾಗ ಅದರ ವ್ಯವಸ್ಥಾಪಕ ಆಗಿ ಮೊದಲನೇ ವರ್ಷನ ಗೆಲ್ಲಿಸಿದ. ಆ ತಂಡನೂ 2012ಕ್ಕ ಮುಳುಗಿತು. ಆಮ್ಯಾಲೆ 2015ರಿಂದ ಪಟಕೆಟ್‌ನ ಬ್ಯಾಟಿಂಗ್ ಕೋಚ್. ತಂಡ ಎತ್ತಂಗಡಿ ಆದಾಗ ಅದರ ಸಂಗತೀಲೆ ತನ್ನ ಹುಟ್ಟಿದೂರಿಗೇ ಕೋಚ್ ಆಗಿ ಹೋದ. ಅಜ್ಜಿ ಊರಿನ ನಷ್ಟ ಅವನ ಊರಿನ ಲಾಭ. ಯಾರಿಗೆ ಸಿಟ್ಟು ಮಾಡೋದು?

ಜುಲೈದಾಗ ಒಂದಿನಾ ಮಗಳು, ಅಳಿಯ, ಕೂಸು, ನಾನು, ಅಜ್ಜಿ ಎಲ್ಲಾರೂ ಕಾರಿನ್ಯಾಗ ವೂಸ್ಟರಿಗೆ ಹೋದ್ವಿ. ಪೋಲಾರ್ ಪಾರ್ಕ್ ಅಂತ ಹೊಸಾ ಮೈದಾನ, 2021ರ ಮೇ ತಿಂಗಳದಾಗ ಶುರು ಆದದ್ದು. ನನಗ ಆಟ ತಿಳೀಲಿಲ್ಲ. ಅಜ್ಜಿ ಮೊದಲನೇ ಅರ್ಧಾ ತಾಸು ಬಾಯಿ ಬಿಡಲಿಲ್ಲ. ಆಮ್ಯಾಲೆ ವಹಿ ತಗದು ಯಾರು ಎಲ್ಲಿ ನಿಂತಾರ ಅಂತ ಟಿಕ್ ಹಾಕಲಿಕ್ಕೆ ಹತ್ತಿದ್ಲು. ಹೊಸಾ ಹುಡುಗರ ಹೆಸರೂ ಕೇಳಿ ಬರಕೊಂಡ್ಲು. ಬರೋ ಮುಂದ ಕಾರಿನ್ಯಾಗ ಒಂದ ಮಾತು ಅಂದ್ಲು: "ಮನಿ ಹೋತು. ಮಂದಿ ಇದ್ದಾರಲ್ಲ."

ಆ ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ನಿಮಗೆಲ್ಲಾ ಗೊತ್ತದ, ಅವ್ವ ಹೋದ ಮ್ಯಾಲೆ ನಮ್ಮ ತವರಮನಿ ವಾಡೆ ಮಾರಿದ್ವಿ. ಪಾಲಿನ ಮಾತಿನ್ಯಾಗ ಮನಸ್ಸು ಕೆಟ್ಟು ನಾನು ನಾಕು ವರ್ಷ ಯಾರಿಗೂ ನಾನಾಗಿ ಫೋನ್ ಮಾಡಿರಲಿಲ್ಲ. ಮನಿನ ಇಲ್ಲಂದ ಮ್ಯಾಲೆ ಇನ್ನೇನದ ಅಂತ. ಆ ಪಡಸಾಲ್ಯಾಗ ಎಲ್ಲಾರೂ ಕೂತು ಉಂಡ ಕಡೇ ದೀಪಾವಳಿ ಕಡೇದು ಅಂತ ನಮಗೂ ಗೊತ್ತಿರಲಿಲ್ಲ. ಗೊತ್ತಿದ್ರ ನಾನು ಉಪ್ಪಿನಕಾಯಿ ಭರಣಿ ಸಲುವಾಗಿ ಸಣ್ಣ ವೈನಿ ಜೋಡಿ ಜಗಳಾ ಆಡ್ತಿದ್ದಿಲ್ಲ.

ಊರಿಗೆ ಬಂದಕೂಡ್ಲೆ ಒಂದು ವಹಿ ತಗೊಂಡೆ. ಆ ಮನ್ಯಾಗ ಆಡಿ ಬೆಳದವರು ಎಲ್ಲಾರ ಹೆಸರು ಬರದೆ, ಒಬ್ಬೊಬ್ಬರಿಗೆ ಒಂದ ಅಳತಿ ಜಾಗಾ. ಎಣಿಸಿದ್ರ ನಲವತ್ತೊಂದು ಮಂದಿ. ಹನ್ನೆರಡು ಮಂದಿ ಈಗ ಎಲ್ಲಿದ್ದಾರ ಅಂತ ನನಗ ಗೊತ್ತ ಇರಲಿಲ್ಲ. ಮೊದಲನೇ ಫೋನು ಸಣ್ಣ ವೈನಿಗೆ ಮಾಡಿದೆ. ಅಕಿ "ಯಾಕ, ಎಲ್ಲಾ ಆರಾಮ ಇದ್ದೀರಿಲ್ಲೋ" ಅಂತ ಗಾಬರಿ ಆದ್ಲು. ಕಾರಣ ಇಲ್ಲದ ಫೋನ್ ಮಾಡಿದ್ದು ಅಷ್ಟು ಅಪರೂಪ ಆಗಿಬಿಟ್ಟಿತ್ತು.

ಮೆಕಾಯ್ ಮೈದಾನ 2025ರಾಗ ಕೆಡವಿದ್ರು, ಅಲ್ಲೆ ಹೈಸ್ಕೂಲ್ ಆಗ್ತದಂತ. ಮಗಳು ಫೋಟೋ ಕಳಿಸಿದ್ಲು. ಅಜ್ಜಿ ಆರಾಮ ಇದ್ದಾಳ, ವಹಿ ಎರಡನೇದು ಶುರು ಆಗೇದ.

ನನ್ನ ವಹಿಯಾಗ ಇನ್ನೂ ಐದು ಹೆಸರಿನ ಮುಂದ ಜಾಗಾ ಖಾಲಿ ಅದ. ಗದಗಿನ ಕಾಕುನ ಎರಡನೇ ಮಗಳು, ಮಾಳಗಿಮನಿ ಅಬಚಿಯ ಮಕ್ಕಳು ಮೂವರು, ಬಾವಿ ಕಡೆ ಖೋಲ್ಯಾಗ ಇದ್ದು ಕಾಲೇಜು ಕಲತ ಹುಡುಗ. ಯಾರಿಗರ ಗೊತ್ತಿದ್ರ ಫೋನ್ ಮಾಡಿ ಹೇಳ್ರಿ. ಮಧ್ಯಾಹ್ನ ಮೂರರ ಮ್ಯಾಲೆ ನಾನು ಖಾಲಿ ಇರ್ತೀನಿ.