ತಿರುಗದ ಗಾಡಿಗಳು

‘ಹಾಗಾಗದೆ ಇದ್ದಿದ್ದರೆ?’ ಎಂಬ ಪ್ರಶ್ನೆಯನ್ನು ಚರಿತ್ರಕಾರರು ಹಗುರವಾಗಿ ಕಾಣುವುದುಂಟು. ಪ್ರಥಮ ಮಹಾಯುದ್ಧದ ಮಟ್ಟಿಗೆ ಆ ಪ್ರಶ್ನೆ ಎದ್ದುದು ಜರ್ಮನಿಯ ಅರಮನೆಯಲ್ಲಿಯೇ. 1914ರ ಆಗಸ್ಟ್ 1ರ ಸಂಜೆ ಲಂಡನ್ನಿನ ರಾಯಭಾರಿಯಿಂದ ತಂತಿ ಬಂದಿತು: ಫ್ರಾನ್ಸಿನ ಮೇಲೆ ದಂಡೆತ್ತದಿದ್ದರೆ ಬ್ರಿಟನ್ ತಟಸ್ಥವಾಗಿ ಉಳಿದೀತು. ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ ಹಿಗ್ಗಿ, ಸೈನ್ಯವನ್ನೆಲ್ಲ ಪೂರ್ವಕ್ಕೆ, ರಷ್ಯದತ್ತ ತಿರುಗಿಸಲು ಹೇಳಿದ. ದಂಡಿನ ಮುಖ್ಯಸ್ಥ ಮೋಲ್ಟ್ಕೆ ಆಗದೆಂದ. ಲಕ್ಷೋಪಲಕ್ಷ ಜನರ ಸಾಗಣೆಯನ್ನು ರೈಲುಗಾಡಿಗಳ ಲೆಕ್ಕದಲ್ಲಿ ವರ್ಷಗಟ್ಟಲೆ ಹೆಣೆದಿದ್ದರು; ಒಂದು ರಾತ್ರಿಯಲ್ಲಿ ಅದನ್ನು ಬಿಚ್ಚಿ ಹೆಣೆಯುವುದೆಂತು?

ಸರಾಯೇವೊದ ಗುಂಡು ಕಿಡಿ ಮಾತ್ರ. 1894ರ ಫ್ರಾನ್ಸ್–ರಷ್ಯ ಮೈತ್ರಿ ಜರ್ಮನಿಗೆ ಎರಡು ದಿಕ್ಕಿನ ಭಯವನ್ನು ಹುಟ್ಟಿಸಿತ್ತು. ಆ ಭಯವೇ ಶ್ಲೀಫೆನ್ನನ ಯೋಜನೆಯಾಯಿತು: ಮೊದಲು ಬೆಲ್ಜಿಯಂ ಮೂಲಕ ಫ್ರಾನ್ಸ್, ಅನಂತರ ರಷ್ಯ. ಪೂರ್ವಕ್ಕೆ ಮಾತ್ರ ಸಾಗುವ ಯೋಜನೆಯನ್ನು 1913ರಲ್ಲಿಯೇ ಕೈಬಿಟ್ಟಿದ್ದರು. ಯುದ್ಧದ ಆಳದ ಕಾರಣವನ್ನು ನಾನು ಕಾಣುವುದು ಇಲ್ಲಿ. ಗುಂಡು ಹಾರುವ ಮೊದಲೇ ಎರಡನೆಯ ದಾರಿ ಕಡತದಲ್ಲಿರಲಿಲ್ಲ.

ಸೈನ್ಯ ತಿರುಗಿದ್ದರೆ? ಶಾಂತಿ ಉಳಿಯುತ್ತಿತ್ತೆನ್ನಲಾರೆ, ಫ್ರಾನ್ಸ್ ತನ್ನ ಮಿತ್ರನನ್ನು ಕೈಬಿಡುವುದು ಸಂಶಯ. ಆದರೆ ಬೆಲ್ಜಿಯಂ ಉಳಿಯುತ್ತಿತ್ತು, ಬ್ರಿಟನ್ನಿಗೆ ಕಣಕ್ಕಿಳಿಯಲು ಕಾರಣ ಹುಡುಕಬೇಕಾಗುತ್ತಿತ್ತು.

ಲಂಡನ್ನಿನ ಸುದ್ದಿ ತಪ್ಪುಗ್ರಹಿಕೆಯೆಂದು ಆ ರಾತ್ರಿಯೇ ತಿಳಿಯಿತು. ಗಾಡಿಗಳು ಪಶ್ಚಿಮಕ್ಕೇ ನಡೆದುವು. ಮೋಲ್ಟ್ಕೆ 1916ರಲ್ಲಿ ತೀರಿಕೊಂಡ. ಸೇನೆಯ ರೈಲ್ವೆ ವಿಭಾಗವನ್ನು ಹಿಂದೊಮ್ಮೆ ನಡೆಸಿದ್ದ ಜನರಲ್ ಫಾನ್ ಷ್ಟಾಬ್ಸ್ 1925ರಲ್ಲಿ ಒಂದು ಪುಸ್ತಕವನ್ನೇ ಬರೆದು, ಗಾಡಿಗಳನ್ನು ತಿರುಗಿಸಬಹುದಾಗಿತ್ತೆಂದು ಲೆಕ್ಕ ಹಾಕಿ ತೋರಿಸಿದ.