ತಪಸ್ಸುಕಾಲದ ಬೆಳಕು: ಶ್ರೀರಂಗಪಟ್ಟಣದ ಸೀಮೆಯಲ್ಲಿ ಅಬೆ ದುಬ್ವಾ

ಕ್ರೈಸ್ತ ಪಂಚಾಂಗದಲ್ಲಿ ಬೂದಿ ಬುಧವಾರದಿಂದ ಪಾಸ್ಕ ಹಬ್ಬದವರೆಗೆ, ನಡುವಿನ ಭಾನುವಾರಗಳನ್ನು ಬಿಟ್ಟು, ನಲವತ್ತು ದಿನಗಳ ವ್ರತಾವಧಿಯೊಂದುಂಟು. ಕನ್ನಡ ಕಥೋಲಿಕರು ಇದನ್ನು ತಪಸ್ಸುಕಾಲ ಎನ್ನುತ್ತಾರೆ. ಪ್ರಾರ್ಥನೆ, ಉಪವಾಸ, ದಾನ ಇವು ಅದರ ಮೂರು ಅಂಗಗಳು. ಈ ವ್ರತಕ್ಕೆ ಆಧಾರವಾದ ಯೇಸುವಿನ ಪರ್ವತ ಪ್ರವಚನದಲ್ಲಿ ಎರಡು ಬೋಧೆಗಳು ಮೇಲುನೋಟಕ್ಕೆ ಒಂದಕ್ಕೊಂದು ಎದುರಾಗಿ ತೋರುತ್ತವೆ. ಶಿಷ್ಯರ ನಡತೆ ಎತ್ತರದಲ್ಲಿಟ್ಟ ದೀಪದಂತೆ ಪರರಿಗೆ ಬೆಳಕಾಗಬೇಕೆಂಬುದು ಒಂದು. ಉಪವಾಸವೂ ದಾನವೂ ಪರರ ಕಣ್ಣಿಗೆ ಬೀಳದಂತೆ ನಡೆಯಬೇಕೆಂಬುದು ಇನ್ನೊಂದು. ವ್ರತ ಮರೆಯಲ್ಲಿರಬೇಕು, ಅದರ ಬೆಳಕು ಮಾತ್ರ ಹೊರಗೆ ಹರಡಬೇಕು. ಇದು ಹೇಗೆ ಸಾಧ್ಯವೆಂಬುದು ಧರ್ಮಶಾಸ್ತ್ರಜ್ಞರ ಪ್ರಶ್ನೆ. ನಾವು ಇಲ್ಲಿ ಅದನ್ನು ಇತಿಹಾಸದ ಒಂದು ನಿದರ್ಶನದಿಂದ ಪರಿಶೀಲಿಸಲು ಯತ್ನಿಸಿದ್ದೇವೆ.

ನಿದರ್ಶನವು ದೂರದ್ದಲ್ಲ, ಶ್ರೀರಂಗಪಟ್ಟಣ, ಪಾಂಡವಪುರ, ಕ್ಯಾತನಹಳ್ಳಿಗಳನ್ನು ಒಳಗೊಂಡ ನಮ್ಮ ಕಾವೇರಿ ಸೀಮೆಯದೇ. ಪಾಂಡವಪುರಕ್ಕೆ ಹಿಂದೆ ಹಿರೋಡೆ ಎಂದೂ ಫ್ರೆಂಚ್ ರಾಕ್ಸ್ ಎಂದೂ ಹೆಸರುಗಳಿದ್ದುವು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿಯ ಬಂಡೆಗಳ ಬಳಿ ಪಾಳೆಯ ಹೂಡಿದ್ದುದೇ ಎರಡನೆಯ ಹೆಸರಿಗೆ ಕಾರಣ. ಆದರೆ ಕ್ರೈಸ್ತಧರ್ಮವು ಈ ಸೀಮೆಗೆ ಸೈನ್ಯದೊಡನೆ ಬಂದುದಲ್ಲ. 17ನೆಯ ಶತಮಾನದ ನಡುಭಾಗದಲ್ಲಿಯೇ ಯೇಸುಸಭೆಯ ಇಟಾಲಿಯನ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ಅಡಿಗಲ್ಲಿಟ್ಟರು. ಸಂನ್ಯಾಸಿಯ ಉಡುಗೆ, ಮಾಂಸವರ್ಜಿತ ಆಹಾರ, ಕನ್ನಡದ ಅಭ್ಯಾಸ ಇವು ಆ ಮಿಷನ್ನಿನ ಪದ್ಧತಿಗಳು. ಯೂರೋಪಿನಲ್ಲಿ ವರ್ಷಕ್ಕೊಮ್ಮೆ ಕೈಕೊಳ್ಳುವ ತಪಸ್ಸುಕಾಲದ ನಿಯಮವನ್ನು ಈ ಪಾದ್ರಿಗಳು ಹೀಗೆ ವರ್ಷವಿಡೀ ಬಾಳಿದರೆನ್ನಬಹುದು.

1784ರಲ್ಲಿ ತಪಸ್ಸುಕಾಲಕ್ಕೂ ಶ್ರೀರಂಗಪಟ್ಟಣಕ್ಕೂ ಒಂದು ಕಹಿಯಾದ ಸಂಬಂಧವುಂಟಾಯಿತು. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನು ಕರಾವಳಿಯ ಕಥೋಲಿಕರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿದನು. ಈ ಬಂಧನವು ಆ ವರ್ಷದ ಬೂದಿ ಬುಧವಾರದಂದು ನಡೆಯಿತೆಂದು ಮಂಗಳೂರು ಕ್ರೈಸ್ತರ ಪರಂಪರೆ ನೆನೆಯುತ್ತದೆ. ಸೆರೆಯಾದವರ ಸಂಖ್ಯೆಯನ್ನು ಅಬೆ ದುಬ್ವಾ ಅರವತ್ತು ಸಾವಿರವೆಂದು ಬರೆದಿದ್ದಾರೆ. ವಿದ್ವಾಂಸರಲ್ಲಿ ಈ ಬಗ್ಗೆ ಒಮ್ಮತವಿಲ್ಲ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಉಳಿದವರಿಗೆ ಬಿಡುಗಡೆಯಾಯಿತು. ಬಹು ಮಂದಿ ಕರಾವಳಿಗೆ ಮರಳಿದರು. ಮೈಸೂರಿನ ಕ್ರೈಸ್ತ ಸಮುದಾಯವು ಆಗ ಚೆದುರಿದ ಸ್ಥಿತಿಯಲ್ಲಿತ್ತು.

ಈ ಸಮುದಾಯವನ್ನು ಮತ್ತೆ ಕಟ್ಟಲು ಬಂದವರೇ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಯ ಜಾನ್ ಆಂಟ್ವಾನ್ ದುಬ್ವಾ. ಫ್ರೆಂಚ್ ಕ್ರಾಂತಿಯ ದಿನಗಳಲ್ಲಿ, 1792ರಲ್ಲಿ, ಗುರುದೀಕ್ಷೆ ಪಡೆದು ಭಾರತಕ್ಕೆ ಹೊರಟ ಅವರು ಮೊದಲು ಪುದುಚೇರಿಯ ಮಿಷನ್ನಿಗೆ ಸೇರಿದ್ದರು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅವರು ಕಟ್ಟಿಸಿದ ಇಗರ್ಜಿ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ತಾವು ಈ ದೇಶದವರ ಉಡುಗೆಯನ್ನು ತೊಟ್ಟು, ಅವರ ಜೀವನಕ್ರಮವನ್ನು ಅನುಸರಿಸಿ, ಅವರ ನಂಬಿಕೆಗಳಿಗೆ ಅಸಹ್ಯ ತೋರದೆ ಬಾಳಿದುದಾಗಿಯೂ, ಅದರಿಂದ ಎಲ್ಲ ಜಾತಿಯವರೂ ತಮ್ಮನ್ನು ಆದರದಿಂದ ಬರಮಾಡಿಕೊಂಡುದಾಗಿಯೂ ಅವರು ತಮ್ಮ ಗ್ರಂಥದ ಪೀಠಿಕೆಯಲ್ಲಿ ಹೇಳಿಕೊಂಡಿದ್ದಾರೆ. ಜನರ ಬಾಯಲ್ಲಿ ಅವರು ‘ದೊಡ್ಡ ಸ್ವಾಮಿಯವರು’ ಆದರು. ಈ ಹೆಸರು ಗಮನಾರ್ಹ. ಅದು ಪರದೇಶದ ಪಾದ್ರಿಗೆ ಸಲ್ಲುವ ಹೆಸರಲ್ಲ. ನಮ್ಮಲ್ಲಿ ಮಠಾಧಿಪತಿಗಳಿಗೂ ವಿರಕ್ತರಿಗೂ ಸಲ್ಲುವಂಥದು.

ದುಬ್ವಾ ಅವರ ಎರಡು ಕಾರ್ಯಗಳು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಮೊದಲನೆಯದು, ಸಿಡುಬಿನ ನಿವಾರಣೆ. ನಮ್ಮ ಜನ ಸಿಡುಬನ್ನು ಅಮ್ಮನ ಬರವೆಂದು ಭಾವಿಸಿ ಪೂಜಿಸುತ್ತಿದ್ದರು. ಎಡ್ವರ್ಡ್ ಜೆನ್ನರನು ಗೋಸಿಡುಬಿನ ಲಸಿಕೆಯನ್ನು 1798ರಲ್ಲಿ ಪ್ರಕಟಪಡಿಸಿದನು. 1802ರಲ್ಲಿ ಅದು ಮುಂಬಯಿಯನ್ನು ಮುಟ್ಟಿತು. ಅದಾದ ಒಂದೆರಡು ವರ್ಷಗಳಲ್ಲಿಯೇ ದುಬ್ವಾ ಅವರು ಮೈಸೂರು ಸೀಮೆಯಲ್ಲಿ ದೇವಿ ಹಾಕಿಸುವ ಕಾರ್ಯಕ್ಕೆ ಮುಂದಾದರು. ಆಗಿನ ವಿಧಾನವನ್ನು ತಿಳಿದರೆ ಇದರ ಕಷ್ಟ ಅರ್ಥವಾಗುತ್ತದೆ. ಲಸಿಕೆಯನ್ನು ಶೀಷೆಯಲ್ಲಿ ಬಹುಕಾಲ ಇಡುವಂತಿರಲಿಲ್ಲ. ಒಂದು ಮಗುವಿನ ತೋಳಿಗೆ ಹಾಕಿದ ಲಸಿಕೆ ಸುಮಾರು ಎಂಟನೆಯ ದಿನಕ್ಕೆ ಗುಳ್ಳೆಯಾಗಿ ಬಲಿತಾಗ ಅದರ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕಾಗಿತ್ತು. ದೀಪದಿಂದ ದೀಪ ಹೊತ್ತಿಸಿದಂತೆ ತೋಳಿನಿಂದ ತೋಳಿಗೆ ಸಾಗಬೇಕು. ಎಲ್ಲಿಯಾದರೂ ಸರಣಿ ಕಡಿದರೆ ಲಸಿಕೆಯೇ ಇಲ್ಲವಾಗುವುದು. ಒಂದು ಮನೆಯ ಮಗುವಿನ ಮೈಯ ರಸ ಇನ್ನೊಂದು ಮನೆಯ ಮಗುವಿಗೆ ಸೇರಬೇಕೆಂದರೆ ಜಾತಿಯ ಅಂಜಿಕೆಯೂ ದೈವದ ಭಯವೂ ಅಡ್ಡ ಬರುವುದು ಸಹಜ. ಸರಕಾರದ ಅಪ್ಪಣೆಯಿಂದ ಮಾತ್ರ ಈ ಅಡ್ಡಿ ಕಳೆಯದು. ಕೇಳುವವನ ಮೇಲೆ ತಾಯಂದಿರಿಗೆ ನಂಬಿಕೆ ಬೇಕು. ವರ್ಷಗಳ ಸಂಯಮದ ಬಾಳು ದುಬ್ವಾ ಅವರಿಗೆ ಆ ನಂಬಿಕೆಯನ್ನು ಗಳಿಸಿಕೊಟ್ಟಿತ್ತೆಂಬುದು ನಮ್ಮ ಅಭಿಪ್ರಾಯ.

ಎರಡನೆಯದು, ನೆಲೆ ತಪ್ಪಿದ ಬಡ ಕ್ರೈಸ್ತ ಕುಟುಂಬಗಳಿಗಾಗಿ ಅವರು ಸ್ಥಾಪಿಸಿದ ಒಕ್ಕಲುತನದ ವಸತಿಗಳು. ಇವುಗಳಲ್ಲಿ ಹಾಸನದ ಸಮೀಪದ ಸಾತಳ್ಳಿ ಮುಖ್ಯವಾದುದು. ದಾನವೆಂದರೆ ಒಂದು ಹೊತ್ತಿನ ಊಟವಲ್ಲ, ಉಳುವುದಕ್ಕೆ ನೆಲವೆಂಬ ವಿವೇಕವನ್ನು ಇಲ್ಲಿ ಕಾಣುತ್ತೇವೆ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಚರಿತ್ರೆಯಾಗದೆ ಸ್ತುತಿಯಾದೀತು. ದುಬ್ವಾ ಅವರ ಹಿಂದೂ ಆಚಾರ ವ್ಯವಹಾರಗಳ ಗ್ರಂಥವನ್ನು ಮದರಾಸಿನ ಗವರ್ನರ್ ಲಾರ್ಡ್ ವಿಲಿಯಂ ಬೆಂಟಿಂಕ್ ಕಂಪನಿಗಾಗಿ ಕೊಂಡನು. ಅದರ ಇಂಗ್ಲಿಷ್ ಅನುವಾದ 1816ರಲ್ಲಿ ಅಚ್ಚಾಯಿತು. ಅದರಲ್ಲಿ ನಮ್ಮ ಜನರನ್ನು ಕುರಿತ ಕಟುವಾದ ತೀರ್ಪುಗಳು ಅನೇಕ. ಅಷ್ಟೇ ಅಲ್ಲ, ಅದರ ಬಹುಭಾಗಕ್ಕೆ 18ನೆಯ ಶತಮಾನದ ಜೆಸೂಯಿಟ್ ಪಾದ್ರಿ ಕೆರ್ದು ಅವರ ಬರಹವೇ ಮೂಲವೆಂಬುದನ್ನು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯುರ್ 1987ರಲ್ಲಿ ಪ್ರಕಟವಾದ ತಮ್ಮ ಸಂಶೋಧನೆಯಲ್ಲಿ ತೋರಿಸಿಕೊಟ್ಟಿದ್ದಾರೆ. ಕಂಪನಿ ಸರಕಾರದ ಕೃಪೆ ಅವರ ಮೇಲಿತ್ತೆಂಬುದನ್ನೂ ಮರೆಯಬಾರದು. 1823ರಲ್ಲಿ ಸ್ವದೇಶಕ್ಕೆ ಹಿಂದಿರುಗಿದಾಗ ಅವರು ಅದರಿಂದ ವಿಶ್ರಾಂತಿವೇತನ ಪಡೆದರು.

ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ, ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಪತ್ರಗಳು ಇನ್ನೂ ಮುಖ್ಯವಾದುವು. ಹಿಂದೂಗಳನ್ನು ಮತಾಂತರಗೊಳಿಸುವ ಆಸೆ ಇನ್ನು ಉಳಿದಿಲ್ಲವೆಂದೂ, ತಮ್ಮ ದೀರ್ಘಕಾಲದ ಶ್ರಮ ಬಹುಮಟ್ಟಿಗೆ ನಿಷ್ಫಲವಾಯಿತೆಂದೂ ಅವರು ಅವುಗಳಲ್ಲಿ ಮರೆಮಾಚದೆ ಬರೆದರು. ಜೇಮ್ಸ್ ಹಫ್ ಮೊದಲಾದ ಪ್ರಾಟೆಸ್ಟಂಟರು ಕೂಡಲೇ ಖಂಡನೆ ಬರೆದರು. ಪ್ಯಾರಿಸ್ಸಿಗೆ ಮರಳಿದ ದುಬ್ವಾ ತಮ್ಮ ಸಂಸ್ಥೆಯ ಮುಖ್ಯಸ್ಥರಾಗಿ ಕೆಲಕಾಲವಿದ್ದು 1848ರಲ್ಲಿ ತೀರಿಕೊಂಡರು.

ಹಾಗಾದರೆ ಯಾವುದು ಬೆಳಕು? ಬೋಧಕನಾಗಿ ತಾನು ಸೋತೆನೆಂದು ಸ್ವತಃ ಒಪ್ಪಿದವರ ಬಾಳಿನಲ್ಲಿ ಉಳಿದುದೇನು? ಅವರ ಗ್ರಂಥದ ಕೀರ್ತಿಯಲ್ಲಿ ಒಂದು ಪಾಲು ಬೇರೆಯವರದಾಯಿತು. ಅವರ ತೀರ್ಪುಗಳನ್ನು ಕಾಲ ಪ್ರಶ್ನಿಸಿತು. ಉಳಿದುವು ಪರರು ತಮ್ಮದಾಗಿಸಿಕೊಳ್ಳಬಹುದಾದ ಕೆಲಸಗಳು: ತೋಳಿನಿಂದ ತೋಳಿಗೆ ಸಾಗಿದ ಲಸಿಕೆ, ತಂದೆಯಿಂದ ಮಗನಿಗೆ ಸಾಗಿದ ಹೊಲ.  ಲಸಿಕೆಯಂತೂ ಮತವನ್ನು ಕೇಳುವುದೇ ಇಲ್ಲ. ಮೊದಲು ಎತ್ತಿದ ಪ್ರಶ್ನೆಗೆ ಇದರಲ್ಲಿಯೇ ಉತ್ತರವಿದೆಯೆಂದು ನಾವು ತಿಳಿಯುತ್ತೇವೆ. ವ್ರತವು ವ್ರತಿಯದು, ಅದು ಮರೆಯಲ್ಲಿಯೇ ಇರಲಿ. ಅದರಿಂದ ಹುಟ್ಟಿದ ಉಪಕಾರ ಎಲ್ಲರದು, ಅದನ್ನು ಮರೆಮಾಡುವುದು ಸಾಧ್ಯವೂ ಅಲ್ಲ.

ಗಂಜಾಮ್, ಪಾಂಡವಪುರ, ಕ್ಯಾತನಹಳ್ಳಿಗಳಂಥ ಊರುಗಳಲ್ಲಿ ಅಮ್ಮನ ಪೂಜೆ, ದೇವಿ ಹಾಕಿಸಿದ ನೆನಪು, ಒಕ್ಕಲುಗಳ ವಲಸೆ ಇವುಗಳನ್ನು ಕುರಿತು ಹಿರಿಯರ ಬಾಯಿಂದ ಸಂಗ್ರಹಿಸಬೇಕಾದುದು ಇನ್ನೂ ಬಹಳ ಇದೆ. ರಾಜರ ಯುದ್ಧಗಳಿಗೆ ಮೀಸಲಾದ ಶ್ರೀರಂಗಪಟ್ಟಣದ ಇತಿಹಾಸದಲ್ಲಿ ಈ ಸಣ್ಣ ಬೆಳಕುಗಳಿಗೂ ಸ್ಥಾನ ದೊರಕಿಸುವ ಕಾರ್ಯವನ್ನು ನಮ್ಮ ವಿದ್ಯಾರ್ಥಿಗಳು ಕೈಕೊಳ್ಳಲೆಂದು ಹಾರೈಸುತ್ತೇವೆ.