ಸಂಶಯದ ಲಾಭ ಯಾರಿಗೆ?

1986ರ ಜನವರಿ 28ರಂದು ಅಮೆರಿಕದ ಫ್ಲಾರಿಡಾದಿಂದ ಮೇಲೇರಿದ ‘ಚಾಲೆಂಜರ್’ ಬಾಹ್ಯಾಕಾಶ ನೌಕೆ 73 ಸೆಕೆಂಡುಗಳಲ್ಲಿ ಆಕಾಶದಲ್ಲೇ ಛಿದ್ರವಾಯಿತು. ಶಾಲಾ ಶಿಕ್ಷಕಿ ಕ್ರಿಸ್ಟಾ ಮೆಕಾಲಿಫ್ ಸೇರಿದಂತೆ ಏಳು ಮಂದಿ ಸತ್ತರು. ರಾಕೆಟ್ಟಿನ ಭಾಗಗಳು ಕೂಡುವ ಸಂದಿಯನ್ನು ಮುಚ್ಚಬೇಕಿದ್ದ ರಬ್ಬರ್ ಉಂಗುರ ಚಳಿಗೆ ಸೆಟೆದು, ಬಿಸಿ ಅನಿಲ ಹೊರನುಗ್ಗಿತ್ತು. ಆದರೆ ಯಂತ್ರದ ದೋಷದಷ್ಟೇ ಚರ್ಚೆಗೆ ಒಳಗಾದುದು ಹಿಂದಿನ ರಾತ್ರಿಯ ತೀರ್ಮಾನ.

ಆ ರಾತ್ರಿ, ರಾಕೆಟ್ ತಯಾರಿಸಿದ ಮಾರ್ಟನ್ ಥಯೋಕಾಲ್ ಕಂಪೆನಿಯ ಎಂಜಿನಿಯರುಗಳು ಉಡಾವಣೆ ಬೇಡವೆಂದಿದ್ದರು. ಅದುವರೆಗಿನ ಅತಿ ಚಳಿಯ ಉಡಾವಣೆಯಲ್ಲಿ ಉಂಗುರದ ಉಷ್ಣತೆ ಸುಮಾರು 12 ಡಿಗ್ರಿ ಸೆಲ್ಸಿಯಸ್ ಇತ್ತು. ಮರುದಿನ ಅದಕ್ಕಿಂತ ಬಹಳ ಕಡಿಮೆ ಇರಲಿತ್ತು. ಆದರೆ ಉಂಗುರ ಕೈಕೊಟ್ಟೇ ಕೊಡುತ್ತದೆ ಎನ್ನಲು ಅವರ ಬಳಿ ಖಚಿತ ಆಧಾರವಿರಲಿಲ್ಲ. ನಾಸಾ ಅಧಿಕಾರಿಗಳು ಆಕ್ಷೇಪವೆತ್ತಿದರು. ಕಂಪೆನಿಯ ಆಡಳಿತವರ್ಗ ತನ್ನಲ್ಲೇ ಸಮಾಲೋಚಿಸಿ ಒಪ್ಪಿಗೆ ಕೊಟ್ಟಿತು.

ಹಾರಾಟ ಸುರಕ್ಷಿತವೆಂದು ಮೊದಲು ಸಾಧಿಸಬೇಕು ಎಂಬುದು ಎಂದಿನ ಪದ್ಧತಿ. ಆ ರಾತ್ರಿ ಅದು ತಲೆಕೆಳಗಾಗಿ, ಅಪಾಯವಿದೆಯೆಂದು ಸಾಧಿಸುವ ಹೊಣೆ ಎಂಜಿನಿಯರುಗಳ ಮೇಲೆ ಬಿತ್ತು. ‘ಗೊತ್ತಿಲ್ಲ’ ಎಂಬ ಮಾತೇ ‘ಹೊರಡಬಹುದು’ ಎಂಬ ಅಪ್ಪಣೆಯಾಯಿತು.

ಇದ್ದ ಪುರಾವೆಯನ್ನಾದರೂ ಪೂರ್ತಿ ನೋಡಲಿಲ್ಲ. ಉಂಗುರಕ್ಕೆ ಹಾನಿಯಾದ ಹಾರಾಟಗಳಷ್ಟೇ ಲೆಕ್ಕಕ್ಕೆ ಬಂದವು. ಅವುಗಳಲ್ಲಿ ಬೆಚ್ಚನೆಯ ದಿನಗಳೂ ಇದ್ದುದರಿಂದ ಚಳಿಯ ಪಾತ್ರ ಮಸುಕಾಯಿತು. ಹಾನಿಯಾಗದ ಹಾರಾಟಗಳನ್ನೂ ತನಿಖಾ ಆಯೋಗ ಸೇರಿಸಿ ನೋಡಿದಾಗ ಚಿತ್ರವೇ ಬೇರೆಯಾಯಿತು: ಉಷ್ಣತೆ ಸುಮಾರು 19 ಡಿಗ್ರಿ ಅಥವಾ ಹೆಚ್ಚಿದ್ದ 20 ಹಾರಾಟಗಳಲ್ಲಿ ಮೂರರಲ್ಲಿ ಮಾತ್ರ ಹಾನಿ; ಸುಮಾರು 17 ಡಿಗ್ರಿ ಅಥವಾ ಕಡಿಮೆಯಿದ್ದ ನಾಲ್ಕರಲ್ಲಿ ನಾಲ್ಕರಲ್ಲೂ ಹಾನಿ.

ಇವೆಲ್ಲಕ್ಕೂ ಮೊದಲೇ ರೂಢಿ ಕಣ್ಣು ಕಟ್ಟಿತ್ತು. ಉಂಗುರ ಸುಟ್ಟರೂ ನೌಕೆ ಕ್ಷೇಮವಾಗಿ ಮರಳುತ್ತಿದ್ದುದು ಹುಸಿ ಧೈರ್ಯ ತುಂಬಿತ್ತು. ನೌಕೆ ನಾಶವಾಗುವ ಸಂಭವ ಎಂಜಿನಿಯರುಗಳ ಅಂದಾಜಿನಲ್ಲಿ ನೂರಕ್ಕೆ ಒಂದರಷ್ಟಿದ್ದರೆ, ಆಡಳಿತಗಾರರ ಅಂದಾಜಿನಲ್ಲಿ ಲಕ್ಷಕ್ಕೆ ಒಂದು ಎಂಬುದನ್ನು ಆಯೋಗದ ಸದಸ್ಯ, ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಎತ್ತಿ ತೋರಿಸಿದರು.

ಈ ಪಾಠ ಉಳಿಯಲಿಲ್ಲ. 2003ರ ಜನವರಿಯಲ್ಲಿ ‘ಕೊಲಂಬಿಯಾ’ ಮೇಲೇರುವಾಗ ಇಂಧನ ತೊಟ್ಟಿಯ ಹೊದಿಕೆಯಿಂದ ಕಳಚಿದ ಫೋಮ್ ತುಂಡು ರೆಕ್ಕೆಗೆ ಬಡಿಯಿತು. ಹಿಂದೆಯೂ ಹೀಗೆ ಕಳಚಿತ್ತು, ನೌಕೆ ಮರಳಿತ್ತು. ಬಾಹ್ಯಾಕಾಶದಲ್ಲಿರುವಾಗಲೇ ರೆಕ್ಕೆಯ ಚಿತ್ರ ತೆಗೆಸಬೇಕೆಂಬ ಎಂಜಿನಿಯರುಗಳ ಕೋರಿಕೆ ಈಡೇರಲಿಲ್ಲ. ಫೆಬ್ರುವರಿ 1ರಂದು ನೌಕೆ ಭೂಮಿಗೆ ಮರಳುವಾಗ ಒಡೆದು, ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಮೃತಪಟ್ಟರು.

ಎಲ್ಲವೂ ತಿಳಿದ ಮೇಲೆಯೇ ತೀರ್ಮಾನ ಎನ್ನುವಂತಿಲ್ಲ. ಆದರೆ ಸಂಶಯದ ಲಾಭ ಯಾರಿಗೆ ಸಲ್ಲಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬಹುದು. ನ್ಯಾಯಾಲಯದಲ್ಲಿ ಅದು ಆರೋಪಿಗೆ ಸಲ್ಲುತ್ತದೆ. ಉಡಾವಣಾ ಕಟ್ಟೆಯಲ್ಲಿ ಅದು ಸಲ್ಲಬೇಕಾದುದು ನೌಕೆಯೊಳಗೆ ಕುಳಿತವರಿಗೆ.